ದೇವರ ಜಾಗಕ್ಕೆ ಬಂದ ಎಂಟು ಪಟ್ಟಿಗಳು

ನಾರ್ಥ್ ಕ್ಯಾರೊಲಿನಾದ ಆ ಬಾಡಿಗೆ ಟೌನ್‌ಹೌಸಿನಲ್ಲಿ ನಮ್ಮ ದೇವರಿಗೆ ಕೋಣೆ ಇರಲಿಲ್ಲ, ಕ್ಲಾಸೆಟ್ ಇತ್ತು. ಮಹಡಿಯ ಮಲಗುವ ಕೋಣೆಗೆ ಅಂಟಿಕೊಂಡಂತೆ, ಬಟ್ಟೆ ತೂಗುಹಾಕುವುದಕ್ಕೆಂದು ಕಟ್ಟಿದ, ಇಬ್ಬರು ನಿಂತರೆ ಭುಜಕ್ಕೆ ಭುಜ ತಾಗುವಷ್ಟು ಜಾಗ. ಅವ್ವ ಅದರ ಕೆಳಗಿನ ಹಲಗೆಯ ಮೇಲೆ ಹಳೆಯ ಇಳಕಲ್ ಸೀರೆಯ ತುಂಡು ಹಾಸಿ, ವಿಭೂತಿ ಗಟ್ಟಿ, ಎರಡು ಫೋಟೊ, ಒಂದು ಹಿತ್ತಾಳೆಯ ದೀಪ ಇಟ್ಟಿದ್ದಳು. ದೀಪ ಹಚ್ಚಿದ ಮೇಲೆ ಅದು ಆರುವ ತನಕ ಅಲ್ಲಿಂದ ಏಳುತ್ತಿರಲಿಲ್ಲ. ಭಕ್ತಿ ಒಂದು ಕಾರಣ, ಹೊಗೆಯ ಅಲಾರ್ಮಿನ ಭಯ ಇನ್ನೊಂದು. ಒಂದು ಸಲ ಊದಿನಕಡ್ಡಿಗೆ ಅದು ಬಡಿದುಕೊಂಡು ಪಕ್ಕದ ಮನೆಯವರು ಬಾಗಿಲಿಗೆ ಬಂದಿದ್ದರು. ಅಂದಿನಿಂದ ನಮ್ಮ ದೇವರು ಊದಿನಕಡ್ಡಿ ಇಲ್ಲದೆ ಇರುವುದನ್ನು ಕಲಿತಿತ್ತು. ಆ ಕ್ಲಾಸೆಟ್ಟಿಗೆ ಕಿಟಕಿ ಇರಲಿಲ್ಲ, ಹೊರಗಿನ ಗೋಡೆಯೂ ಇರಲಿಲ್ಲ. ಹಾಗಾಗಿ ಹೊರಗೆ ಎಷ್ಟೇ ಚಳಿಯಿದ್ದರೂ ಒಳಗಿನ ಹವೆ ಒಂದೇ ಸಮ ಇರುತ್ತಿತ್ತು. ನಮ್ಮ ಮನೆಯಲ್ಲಿ ಆಗಿಹೋದ ಅತಿ ದೊಡ್ಡ ಜಗಳಕ್ಕೆ ಕಾರಣವಾದದ್ದು ಈ ಒಂದೇ ಗುಣ.

ಅಪ್ಪ ಮದರಾಸಿನಲ್ಲಿ ಚರ್ಮ ಹದ ಮಾಡುವ ವಿದ್ಯೆ ಓದಿದವನು. ಸೋಫಾಗಳಿಗೆ ಹೊದಿಸುವ ಚರ್ಮ ತಯಾರಿಸುವ ಕಾರ್ಖಾನೆಯೊಂದು ಅವನನ್ನು ಇಲ್ಲಿಗೆ ಕರೆಸಿಕೊಂಡಿತ್ತು. ನನಗಾಗ ಆರು ವರ್ಷ. ನಮ್ಮ ಬಾಗಲಕೋಟೆ ಕಡೆಯಿಂದ ಬಂದವರೆಲ್ಲ ಇಂಜಿನಿಯರುಗಳು, ಡಾಕ್ಟರುಗಳು. ಹಬ್ಬಕ್ಕೆಂದು ಮಾರಿಸ್‌ವಿಲ್ ಕಡೆ ಯಾರದೋ ಮನೆಯಲ್ಲಿ ಸೇರಿದಾಗ ಯಾರಾದರೂ ಆಂಟಿ "ನಿಮ್ಮ ಹಸ್ಬೆಂಡ್ ಯಾವ ಕಂಪನೀಲಿ ವರ್ಕ್ ಮಾಡ್ತಾರೆ?" ಎಂದು ಕೇಳಿದರೆ ಅವ್ವ "ಫರ್ನಿಚರ್ ಲೈನ್‌ನಾಗ ಅದಾರ್ರಿ" ಎಂದು ಹೇಳಿ ಸಾರು ಬಡಿಸುವುದಕ್ಕೆ ಎದ್ದುಬಿಡುತ್ತಿದ್ದಳು. ಅದು ಸುಳ್ಳೇನೂ ಅಲ್ಲ. ಮನೆಯಲ್ಲಿ ಅವಳದೇ ಕಾನೂನು. ಅಪ್ಪನ ಕೆಲಸದ ಬೂಟು ಹಿಂಬಾಗಿಲ ಹೊರಗೆ, ಅಂಗಿ ನೇರ ವಾಷಿಂಗ್ ಮಷೀನಿಗೆ, ಅಪ್ಪ ನೇರ ಬಚ್ಚಲಿಗೆ. ಸ್ನಾನ ಆಗುವ ತನಕ ಅಡುಗೆಮನೆಯ ನೀರಿನ ಲೋಟ ಮುಟ್ಟುವಂತಿಲ್ಲ. ಅಪ್ಪ ಇದಕ್ಕೆ ಎಂದೂ ಎದುರಾಡಿದವನಲ್ಲ. ಆದರೆ ತಲೆ ಒರೆಸಿಕೊಳ್ಳುತ್ತ ಬಂದು, ರೊಟ್ಟಿ ಬಡಿಯುತ್ತಿದ್ದ ಅವ್ವನ ಮುಂದೆ ಕೂತು, ಬೇಕೆಂದೇ ಅಂದಿನ ಚರ್ಮದ ವರದಿ ಒಪ್ಪಿಸುತ್ತಿದ್ದ. ಅವ್ವ ದನ ಅನ್ನುವ ಶಬ್ದ ಬಾಯಿಗೆ ತಂದವಳಲ್ಲ, ಮಾಲು ಅನ್ನುತ್ತಿದ್ದಳು. "ಮಾಲು ಹೆಂಗ ಬಂದಾವು ಇವತ್ತ?" ಎಂದು ಮುಖ ತಿರುಗಿಸಿಕೊಂಡೇ ಕೇಳುತ್ತಿದ್ದಳು.

ನನಗೆ ಒಂಬತ್ತು ತುಂಬಿದ ವರ್ಷ ಮಾಲು ಸರಿಯಾಗಿ ಬರುತ್ತಿರಲಿಲ್ಲ. ಸೋಫಾ ಮಾಡುವವರಿಂದ ದೂರು ಬರತೊಡಗಿತ್ತು. ಕೂತು ಏಳುವ ಜಾಗದಲ್ಲಿ ಹೊಲಿಗೆಯ ತೂತುಗಳು ಬಾಯಿ ಬಿಡುತ್ತಿದ್ದವು, ಮೂಲೆಗಳಲ್ಲಿ ಮೇಲ್ಮೈ ಕೂದಲೆಳೆಯಂತೆ ಬಿರಿಯುತ್ತಿತ್ತು. ಕಾರ್ಖಾನೆಯಲ್ಲಿ ಅಪ್ಪನ ಕೆಲಸ ಚರ್ಮ ಹದ ಮಾಡುವ ಡ್ರಮ್ಮಿನ ಕಡೆಯದು, ಅಂದರೆ ಯಾವ ರಾಸಾಯನಿಕ, ಯಾವ ಎಣ್ಣೆ, ಎಷ್ಟು ಹೊತ್ತು ಎಂದು ನಿರ್ಧರಿಸುವುದು. ಮ್ಯಾನೇಜರ್ ಡೇಲ್ ದೂರನ್ನೆಲ್ಲ ಅಪ್ಪನ ಪಾಕದ ಮೇಲೆ ಹಾಕಿದ. ಎಣ್ಣೆ ಸಾಲದೆ ಚರ್ಮ ಒಣಕಲಾಗುತ್ತಿದೆ ಎಂದ. ಅಪ್ಪನ ಅನುಮಾನ ಬೇರೆಯಿತ್ತು. ಡ್ರಮ್ಮಿನಿಂದ ಬಂದ ಹಸಿ ಚರ್ಮವನ್ನು ತೂತಿನ ಹಲಗೆಯ ಮೇಲೆ ಹರವಿ, ಸುತ್ತಲೂ ಅಂಚು ಕಚ್ಚಿ ಹಿಡಿಯುವ ಚಿಮಟ ಹಾಕಿ, ಎಳೆದು ತೂತುಗಳಿಗೆ ಸಿಗಿಸಿ, ಹಾಗೆಯೇ ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಎಳೆದಷ್ಟೂ ಚರ್ಮ ಅಗಲವಾಗುತ್ತದೆ, ಮತ್ತು ಚರ್ಮ ಮಾರುವುದು ಅಗಲದ ಲೆಕ್ಕದಲ್ಲಿ. ಒಣಗಿಸುವ ವಿಭಾಗದವರು ಇತ್ತೀಚೆಗೆ ಮೊದಲಿಗಿಂತ ಒಂದೆರಡು ತೂತು ಆಚೆಗೆ ಎಳೆದು ಸಿಗಿಸುತ್ತಿದ್ದರು. ಅದನ್ನು ಅಪ್ಪ ಕಣ್ಣಾರೆ ಕಂಡಿದ್ದ. ರೊಟ್ಟಿ ಬಡಿಯುತ್ತಿದ್ದ ಅವ್ವನಿಗೆ ಅವನು ಅದನ್ನು ವಿವರಿಸಿದ್ದು ಹೀಗೆ.

"ನೀ ಒಂದ ಉಂಡಿಯಿಂದ ಎಷ್ಟ ದೊಡ್ಡ ರೊಟ್ಟಿ ಬಡೀಬಹುದು?"

"ಬಡೀತ ಹೋದ್ರ ದೊಡ್ಡದ ಆಗ್ತೈತಿ. ಅಂಚಿಗೆ ಹರೀತೈತಿ."

"ಹಂಗ ಆಗಾಕತ್ತೈತಿ ಅಲ್ಲಿ. ಚರ್ಮದಾಗಿನ ನಾರು ಮೀನ ಹಿಡಿಯೋ ಬಲಿ ಇದ್ದಂಗ ಇರ್ತಾವು, ಸಡಲ. ಹಸೀದಿದ್ದಾಗ ಪೂರಾ ಎಳದು ಒಣಗಿಸಿದ್ರ ಸಡಲ ಎಲ್ಲಾ ಅಲ್ಲೇ ಮುಗೀತು. ತೆಳ್ಳಗ ಆಗ್ತೈತಿ, ಬಿಗಿ ಆಗ್ತೈತಿ. ಆಮ್ಯಾಲೆ ಯಾರರೆ ಅದರ ಮ್ಯಾಲೆ ಕುಂತ್ರ ಹಿಗ್ಗಾಕ ಏನೂ ಉಳಿದಿರಂಗಿಲ್ಲ."

"ಹಂಗಂತ ಡೇಲ್‌ಗ ಹೇಳ್ರಿ ಮತ್ತ."

"ಹೇಳೀನಿ. ಪ್ರೂಫ್ ತಗೊಂಡ ಬಾ ಅಂದಾನ."

ಹೇಳಿ ಸುಮ್ಮನಿರುವ ವಿಷಯವಾಗಿರಲಿಲ್ಲ ಅದು. ನಮ್ಮ ಗ್ರೀನ್ ಕಾರ್ಡಿನ ಅರ್ಜಿ ಹಾಕಬೇಕಾದದ್ದು ಕಂಪನಿ. ಅದರ ಕಾಗದಕ್ಕೆ ಡೇಲ್ ಸಹಿ ಮಾಡಬೇಕು. ಅಪ್ಪನ ವೀಸಾದ ಅವಧಿ ಮುಗಿಯುವುದಕ್ಕೆ ಹೆಚ್ಚು ದಿನ ಇರಲಿಲ್ಲ. ತಪ್ಪು ಅಪ್ಪನದೇ ಎಂದು ನಿಂತರೆ ಸಹಿ ಆಗುವುದಿಲ್ಲ, ಸಹಿ ಆಗದಿದ್ದರೆ ನಾವು ಗಂಟುಮೂಟೆ ಕಟ್ಟಬೇಕು. ಒಂಬತ್ತು ವರ್ಷದ ನನಗೂ ಇಷ್ಟು ಗೊತ್ತಿತ್ತು, ಏಕೆಂದರೆ ನಮ್ಮ ಮನೆಯ ಗೋಡೆಗಳು ತೆಳುವಾಗಿದ್ದವು.

ಕಾರ್ಖಾನೆಯ ಪರೀಕ್ಷಾ ಕೋಣೆಯ ಬೀಗದ ಕೈ ಒಣಗಿಸುವ ವಿಭಾಗದವರ ಕೈಯಲ್ಲೇ ಇತ್ತು. ಆದ್ದರಿಂದ ಅಪ್ಪ ಪರೀಕ್ಷೆಯನ್ನು ಮನೆಯಲ್ಲೇ ಮಾಡಲು ನಿಶ್ಚಯಿಸಿದ. ಒಂದೇ ಚರ್ಮವನ್ನು ಬೆನ್ನಿನ ಗೆರೆಯಲ್ಲಿ ಸೀಳಿಸಿ, ಎರಡೂ ಭಾಗಗಳನ್ನು ಒಂದೇ ಡ್ರಮ್ಮಿನಲ್ಲಿ, ಒಂದೇ ಪಾಕದಲ್ಲಿ ಹದ ಮಾಡಿಸಿದ. ಎಡಭಾಗವನ್ನು ಸುಮ್ಮನೆ ಹರವಿ ಒಣಗಿಸಿದ, ಬಲಭಾಗವನ್ನು ಅವರಂತೆಯೇ ಪೂರಾ ಎಳೆದು ಒಣಗಿಸಿದ. ಪಾಕದ್ದೇ ತಪ್ಪಾಗಿದ್ದರೆ ಎರಡೂ ಕೆಡಬೇಕು. ಎಳೆತದ ತಪ್ಪಾಗಿದ್ದರೆ ಒಂದೇ ಕೆಡಬೇಕು. ಆ ಎರಡರಿಂದ ನಾಲ್ಕು ನಾಲ್ಕು ಉದ್ದನೆಯ ಪಟ್ಟಿ ಕತ್ತರಿಸಿಕೊಂಡು ಮನೆಗೆ ತಂದ. ಅವನ್ನು ತೂಗುಹಾಕಿ, ತುದಿಗೆ ಭಾರ ಕಟ್ಟಿ, ದಿನವೂ ಅಳೆಯಬೇಕು. ಆದರೆ ಚರ್ಮ ಹವೆಯ ತೇವಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ. ಹವೆ ಒಂದೇ ಸಮ ಇರುವ ಜಾಗ ಬೇಕು. ಅಂಥ ಜಾಗ ಮನೆಯಲ್ಲಿ ಒಂದೇ ಇತ್ತು.

"ಚರ್ಮಾನ? ದೇವರ ಕಡೆ?" ಎಂದಳು ಅವ್ವ.

"ದೇವರ ಕಡೆ ಅಲ್ಲ. ಮ್ಯಾಲಿನ ರಾಡ್‌ಗೆ."

"ದೇವರ ನೆತ್ತಿ ಮ್ಯಾಲೆ! ಭಾಳ ಚಲೋ ಆತು ಬಿಡ್ರಿ."

"ಮೂರು ವಾರದ ಮಾತ."

"ಮೂರು ವಾರ ದೇವರನ್ನ ಎಲ್ಲಿಗೆ ಕಳಸ್ಲಿ? ಮೊಟೆಲ್‌ಗ?"

ಎರಡು ದಿನ ಅವ್ವ ಊಟ ಬಡಿಸುವುದಕ್ಕಿಂತ ಹೆಚ್ಚು ತಟ್ಟೆ ಕುಕ್ಕುತ್ತಿದ್ದಳು. ಮೂರನೆಯ ದಿನ ಶಾಲೆಯಿಂದ ಬಂದಾಗ ನೋಡಿದರೆ ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ನನ್ನ ಸೀರಿಯಲ್ ಡಬ್ಬಿಗಳು ಒಂದು ಕಡೆಗೆ ಸರಿದಿದ್ದವು, ಇನ್ನೊಂದು ಕಡೆ ಇಳಕಲ್ ತುಂಡಿನ ಮೇಲೆ ದೇವರು ಕೂತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವ್ವ "ಏನೂ ಕೇಳಬ್ಯಾಡ, ಕೈ ತೊಳ್ಕೊಂಡು ತಿನ್ನು" ಎಂದಳು. ಅವಳು ಸೋತದ್ದು ಅಪ್ಪನಿಗಲ್ಲ, ಗ್ರೀನ್ ಕಾರ್ಡಿಗೆ ಎಂದು ನನಗನ್ನಿಸಿತು. ಈಗಲೂ ಹಾಗೆಯೇ ಅನ್ನಿಸುತ್ತದೆ.

ಎಂಟು ಪಟ್ಟಿಗಳು ರಾಡಿಗೆ ಸಾಲಾಗಿ ತೂಗಿದವು. ಪ್ರತಿ ಪಟ್ಟಿಯ ತುದಿಗೆ ನೀರು ತುಂಬಿದ ಹಾಲಿನ ಕ್ಯಾನು. ಪಟ್ಟಿಯ ಮೇಲೆ ಎರಡು ಶಾಯಿಯ ಗೆರೆ. ಆ ಗೆರೆಗಳ ನಡುವಿನ ಅಂತರವನ್ನು ದಿನವೂ ಸಂಜೆ ಒಂದೇ ಹೊತ್ತಿಗೆ ಉಕ್ಕಿನ ಅಳತೆಕೋಲಿನಿಂದ ಅಳೆದು ಬರೆಯಬೇಕು. ಅಷ್ಟರಲ್ಲಿ ಅಪ್ಪನಿಗೆ ಮಧ್ಯಾಹ್ನದ ಶಿಫ್ಟು ಬಿತ್ತು. ಅವ್ವ ಆ ಕ್ಲಾಸೆಟ್ಟಿನ ಬಾಗಿಲನ್ನೂ ಮುಟ್ಟಲೊಲ್ಲಳು. ಕೆಲಸ ನನಗೆ ಬಂತು. ಅಪ್ಪ ನನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಕಣ್ಣು ಗೆರೆಯ ನೇರಕ್ಕೆ ತರುವುದನ್ನು, ಕ್ಯಾನು ಅಲುಗುವುದು ನಿಲ್ಲುವ ತನಕ ಕಾಯುವುದನ್ನು ಕಲಿಸಿದ. ಮಿಲಿಮೀಟರು ನನಗೆ ಶಾಲೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಅದನ್ನು ಕಲಿತದ್ದು ಆ ಸ್ಟೂಲಿನ ಮೇಲೆ. ಹೆಮ್ಮೆಯಾಗಿತ್ತು. ಮೊದಲ ವಾರ ಗಡಿಯಾರ ನೋಡಿಕೊಂಡು ಓಡಿಹೋಗಿ ಅಳೆದೆ. ಎಳೆಯದ ಎಡಭಾಗದ ಪಟ್ಟಿಗಳು ಆರಾಮವಾಗಿ ಹಿಗ್ಗಿದವು. ಎಳೆದ ಬಲಭಾಗದವು ಹಟ ಹಿಡಿದಂತೆ ಹೆಚ್ಚೂಕಡಿಮೆ ಹಾಗೆಯೇ ನಿಂತವು. ಅಪ್ಪ ಹೇಳಿದ್ದು ನಿಜವಾಗುತ್ತಿತ್ತು.

ಎರಡನೆಯ ಭಾನುವಾರ ಅಪ್ಪ ಪ್ರತಿ ಪಟ್ಟಿಗೂ ಇನ್ನೊಂದು ಕ್ಯಾನು ಕಟ್ಟಿದ. ಇದು ಮುಖ್ಯ, ದೊಡ್ಡ ಮನುಷ್ಯ ಕೂತರೆ ಬೀಳುವ ಭಾರ ಇದು, ಮೊದಲ ದಿನಗಳ ಅಳತೆ ತಪ್ಪಿಸಬೇಡ ಎಂದು ಎರಡು ಸಲ ಹೇಳಿದ. ಸೋಮವಾರ ಪಕ್ಕದ ಮನೆಯ ಜೆನ್ನಿಯ ಬೆಕ್ಕು ಅವರ ಶೆಡ್ಡಿನಲ್ಲಿ ಐದು ಮರಿ ಹಾಕಿತು. ಕಣ್ಣು ಬಿಡದ ಮರಿಗಳು. ಬಲಗಾಲಲ್ಲಿ ಬಿಳಿ ಮಚ್ಚೆ ಇದ್ದದ್ದು ನನ್ನದು ಎಂದು ಜೆನ್ನಿ ಹೇಳಿದಳು. ಸೋಮವಾರ ನಾನು ಮನೆಗೆ ಬಂದಾಗ ಊಟದ ಹೊತ್ತು. ಮಂಗಳವಾರವೂ ಹಾಗೆಯೇ ಆಯಿತು. ಬುಧವಾರ, ಎರಡು ದಿನ ಹೇಗೂ ತಪ್ಪಿದೆ ಎಂದುಕೊಂಡು ಕ್ಲಾಸೆಟ್ಟಿನ ಕಡೆ ಹೋಗಲೇ ಇಲ್ಲ. ಗುರುವಾರ ಸಂಜೆ ಭಯವಾಯಿತು. ಸ್ಟೂಲು ಹತ್ತಿ ಅಂದಿನ ಅಳತೆ ಸರಿಯಾಗಿಯೇ ತೆಗೆದೆ. ಭಾರ ಹೆಚ್ಚಿಸುವ ಮೊದಲು ತೆಗೆದ ಭಾನುವಾರದ ಅಂಕಿ ಇತ್ತು, ಗುರುವಾರದ್ದು ಇತ್ತು, ನಡುವೆ ಮೂರು ಖಾಲಿ ಸಾಲು. ಶಾಲೆಯಲ್ಲಿ ಆಗತಾನೇ ಭಾಗಾಕಾರ ಕಲಿಸಿದ್ದರು. ವ್ಯತ್ಯಾಸವನ್ನು ನಾಲ್ಕರಿಂದ ಭಾಗಿಸಿ, ದಿನಕ್ಕೊಂದು ಪಾಲಿನಂತೆ ಹಂಚಿ, ಎಂಟು ಪಟ್ಟಿಗೂ ಇಪ್ಪತ್ತನಾಲ್ಕು ಅಂಕಿ ತುಂಬಿದೆ. ಅಪ್ಪನ ಮಾತಿಗೆ ಅನುಕೂಲವಾಗುವಂತೆ ಬಲಭಾಗದ ಅಂಕಿಗಳನ್ನು ಒಂದೆರಡು ಕಡೆ ಇನ್ನೂ ತಗ್ಗಿಸಿದೆ ಕೂಡ. ಲೆಕ್ಕ ಚೊಕ್ಕವಾಗಿ ಬಂದಿತ್ತು. ಮೋಸ ಮಾಡುತ್ತಿದ್ದೇನೆ ಅನ್ನಿಸಲಿಲ್ಲ. ಅಪ್ಪನಿಗೆ ಸಹಾಯ ಮಾಡುತ್ತಿದ್ದೇನೆ ಅನ್ನಿಸಿತು.

ಮೂರನೆಯ ವಾರದ ಕೊನೆಗೆ ಅಪ್ಪ ಭಾರ ಬಿಚ್ಚಿ, ಪಟ್ಟಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಮತ್ತೆ ಒಣಗಿಸಿ ಅಳೆದ. ಎಳೆದು ಒಣಗಿಸಿದ್ದ ಪಟ್ಟಿಗಳು ನೀರು ಕುಡಿದು, ಎಳೆಯುವ ಮೊದಲಿನ ಗಾತ್ರದ ಕಡೆಗೆ ಓಡಿದವು, ಕತ್ತರಿಸಿ ತಂದ ದಿನಕ್ಕಿಂತ ಗಿಡ್ಡವಾದವು. ಎಳೆಯದವು ಹೆಚ್ಚೇನೂ ಬದಲಾಗಲಿಲ್ಲ. ಅಪ್ಪ ನನ್ನ ಬೆನ್ನು ತಟ್ಟಿದ. ಶುಕ್ರವಾರ ಕೆಲಸಕ್ಕೆ ರಜೆ ಹಾಕಿ, ಊಟದ ಮೇಜಿನ ಮೇಲೆ ನನ್ನ ಹಾಳೆ ಇಟ್ಟುಕೊಂಡು ಗ್ರಾಫ್ ಪೇಪರಿನ ಮೇಲೆ ಚುಕ್ಕೆ ಹಾಕತೊಡಗಿದ. ನಾನು ಎದುರಿಗೆ ಕೂತು ಹೋಮ್‌ವರ್ಕ್ ಮಾಡುತ್ತಿದ್ದೆ. ಅವನ ಪೆನ್ಸಿಲ್ಲು ನಿಂತದ್ದು ನನಗೆ ತಿಳಿಯಿತು.

"ಶೈಲೂ, ಈ ಮೂರು ದಿನ ಅಳತಿ ಮಾಡಿದೇನು?"

"ಯಾ, ಮಾಡಿದೆ."

"ಇಲ್ಲಿ ನೋಡು. ಒಂದ ಕೋಲು ಇಟ್ಟ ಗೆರಿ ಎಳದಂಗ ಐತಿ. ಒಂದೆರಡ ಕಡೆ ಬಿಟ್ರ ಎಂಟೂ ಪಟ್ಟಿ. ಚರ್ಮ ಹಿಂಗ ನಡಿಯಂಗಿಲ್ಲವಾ."

ಅಪ್ಪ ಗದರಲಿಲ್ಲ. ಎದ್ದುಹೋಗಿ, ಉಳಿದಿದ್ದ ಒಂದು ತುಂಡಿನಿಂದ ಹೊಸ ಪಟ್ಟಿ ಕತ್ತರಿಸಿ, ಗೆರೆ ಹಾಕಿ, ಕ್ಲಾಸೆಟ್ಟಿನಲ್ಲಿ ತೂಗುಹಾಕಿ ಎರಡು ಕ್ಯಾನು ಕಟ್ಟಿದ. ಸ್ಟೂಲು ತೋರಿಸಿದ. ಕಟ್ಟಿದ ಕೂಡಲೇ ಅಳೆಸಿದ, ಐದು ನಿಮಿಷಕ್ಕೆ ಅಳೆಸಿದ, ಅರ್ಧ ಗಂಟೆಗೆ, ಒಂದು ಗಂಟೆಗೆ, ಎರಡು ಗಂಟೆಗೆ. ಭಾರ ಬಿದ್ದ ಕೂಡಲೇ ಚರ್ಮ ದಡಕ್ಕನೆ ಇಳಿಯಿತು. ಆಮೇಲೆ ನಿಧಾನವಾಯಿತು, ಆಮೇಲೆ ಇನ್ನೂ ನಿಧಾನ, ಕೊನೆಗೆ ಇಳಿಯುತ್ತಿದೆಯೋ ನಿಂತಿದೆಯೋ ಎಂದು ಹೇಳಲಾಗದಷ್ಟು. ನಾನು ಹಂಚಿದಂತೆ ದಿನಕ್ಕೊಂದು ಪಾಲು ಅದು ಎಂದೂ ಹಿಗ್ಗಿರಲು ಸಾಧ್ಯವಿರಲಿಲ್ಲ. ಎರಡು ಗಂಟೆ ಆ ಸ್ಟೂಲಿನ ಮೇಲೆ ನಿಂತು ನನ್ನ ಸುಳ್ಳು ಎಷ್ಟು ಪೆದ್ದದ್ದು ಎಂದು ನಾನೇ ಅಳೆದು ಅಳೆದು ನೋಡಿದೆ. ಹೊಡೆದಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ. ಕೊನೆಗೆ ಬೆಕ್ಕಿನ ಮರಿಗಳ ಕಥೆ ಹೇಳಿದೆ. ಅಪ್ಪ "ಎಷ್ಟು ಮರಿ?" ಎಂದು ಕೇಳಿದ. ಐದು ಎಂದೆ. ಕೆಳಗೆ ಹೋಗಿ ಆ ಮೂರು ಸಾಲುಗಳ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಅಳತೆ ತೆಗೆದಿಲ್ಲ ಎಂದು ಬರೆದ.

ಅವ್ವ ಒಲೆಯ ಮುಂದಿನಿಂದಲೇ ಎಲ್ಲ ನೋಡುತ್ತಿದ್ದಳು.

"ಅದನ್ಯಾಕ ಹೊಡದ ಹಾಕಿದ್ರಿ?"

"ಸುಳ್ಳ ಅದು."

"ಅದರ ಹಿಂದಿಂದು ಖರೆ, ಮುಂದಿಂದು ಖರೆ. ನಡುವ ಮೂರು ದಿನ ಹೆಂಗ ಹಿಗ್ಗಿದ್ರ ಯಾರಿಗೇನು? ನೀವು ಹೇಳೂದು ಖರೆ ಐತೋ ಇಲ್ಲೋ?"

"ಐತಿ."

"ಹಂಗಾರ ಸಮಾ ಮಾಡಿ ಬರೀರಿ. ನಿಮಗ ಗೊತ್ತೈತಲ್ಲ ಚರ್ಮ ಹೆಂಗ ನಡೀತೈತಿ ಅಂತ. ಹಂಗ ಬರೀರಿ. ಯಾರೂ ಹಿಡಿಯಂಗಿಲ್ಲ."

"ನಾ ಹಿಡದ್ನಲ್ಲ."

"ದೇವರನ್ನ ಸೀರಿಯಲ್ ಡಬ್ಬಿ ಬಾಜೂಕ ಕುಂದ್ರಿಸೀನಿ ನಾನು, ಇದರ ಸಲವಾಗಿ!" ಎಂದು ಅವ್ವ ಕೂಗಿದಳು. ಅವಳ ಧ್ವನಿ ಒಡೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಪ್ಪ ಹಾಳೆಯ ಕೆಳಗೆ ಸಹಿ ಮಾಡಿದ. ಅಂದು ನಾವು ಮೂವರೂ ಬೇರೆ ಬೇರೆ ಹೊತ್ತಿಗೆ ಉಂಡೆವು.

ಶನಿವಾರ ಬೆಳಿಗ್ಗೆ ಅಪ್ಪ ನನ್ನನ್ನೂ ಕಾರ್ಖಾನೆಗೆ ಕರೆದುಕೊಂಡು ಹೋದ. ಪಟ್ಟಿಗಳು ಮಡಚಿಕೊಳ್ಳದಂತೆ ಅವ್ವನ ಬೇಕಿಂಗ್ ಟ್ರೇಯಲ್ಲಿ ಹರವಿದ್ದೆವು. ಅದನ್ನು ತೊಡೆಯ ಮೇಲೆ ಅಲುಗದಂತೆ ಹಿಡಿದುಕೊಂಡು ಕೂರುವುದು ನನ್ನ ಕೆಲಸ. ಡೇಲ್ ಕೆಟ್ಟವನೇನಲ್ಲ. ನನಗೆ ಮಷೀನಿನಿಂದ ಆರೆಂಜ್ ಸೋಡಾ ತಂದುಕೊಟ್ಟ, ಎಷ್ಟನೇ ಗ್ರೇಡ್ ಎಂದು ಕೇಳಿದ. ಪಟ್ಟಿಗಳನ್ನು ಒಂದೊಂದಾಗಿ ಬಗ್ಗಿಸಿ ನೋಡಿದ. ಎಳೆದ ಪಟ್ಟಿಯನ್ನು ಬಿಗಿಯಾಗಿ ಮಡಚಿದಾಗ ಮೇಲ್ಮೈ ಬಿರಿದದ್ದನ್ನು ಅವನೂ ಕಂಡ, ಹುಬ್ಬೇರಿಸಿದ. ಆ ಕ್ಷಣ ನಾವು ಗೆದ್ದೆವು ಎಂದುಕೊಂಡೆ. ಆಮೇಲೆ ಹಾಳೆ ಕೈಗೆತ್ತಿಕೊಂಡು ಬೆರಳಿಟ್ಟು ಓದುತ್ತ ಬಂದು ಆ ಮೂರು ಸಾಲಿನ ಹತ್ತಿರ ನಿಲ್ಲಿಸಿದ.

"ಇಲ್ಲಿ ಏನಾಯಿತು?"

"ಆ ಮೂರು ದಿನ ನಾನು ಅಳತೆ ತೆಗೆಯಲಿಲ್ಲ" ಎಂದ ಅಪ್ಪ, ತನ್ನ ನಿಧಾನದ ಇಂಗ್ಲಿಷಿನಲ್ಲಿ.

"ಭಾರ ಎರಡರಷ್ಟು ಮಾಡಿದ ಮೇಲಿನ ಮೂರು ದಿನ. ನನಗೆ ಬೇಕಾಗಿದ್ದದ್ದೇ ಅದು."

"ಹೌದು. ನನ್ನ ತಪ್ಪು."

ಸೋಡಾದ ಕ್ಯಾನು ನನ್ನ ಕೈಯಲ್ಲಿ ತಣ್ಣಗಿತ್ತು. ನಾನು ಇಂಗ್ಲಿಷಿನಲ್ಲಿ ಅಪ್ಪನಿಗಿಂತ ಚೆನ್ನಾಗಿ ಮಾತಾಡಬಲ್ಲವಳು. ಒಂದೇ ವಾಕ್ಯ ಸಾಕಾಗಿತ್ತು. ನಾನು ಸೋಡಾ ಕುಡಿದೆ. ಮನೆಯ ಕ್ಲಾಸೆಟ್ಟಿನಲ್ಲಿ ಹಾಲಿನ ಕ್ಯಾನು ಕಟ್ಟಿ ಮಾಡಿದ, ನಡುವೆ ಖಾಲಿ ಬಿಟ್ಟ ಪರೀಕ್ಷೆಯನ್ನು ಗಿರಾಕಿಗಳ ಮುಂದೆ ಇಡಲಾಗುವುದಿಲ್ಲ, ಮೇಲಿನವರಿಗೂ ತೋರಿಸಲಾಗುವುದಿಲ್ಲ ಎಂದು ಡೇಲ್ ಹೇಳಿದ. ಮತ್ತೆ ಮಾಡುತ್ತೇನೆ, ಮೂರು ವಾರ ಕೊಡು ಎಂದು ಅಪ್ಪ ಕೇಳಿದ. ಮೂರು ವಾರ ಇಲ್ಲ ಎಂದ. ವಾಪಸು ಬರುವಾಗ ಟ್ರೇ ಹಿಂದಿನ ಸೀಟಿನಲ್ಲಿತ್ತು.

"ಅಪ್ಪಾ, ಇಟ್ ವಾಸ್ ಮಿ ಅಂತ ಯಾಕ ಹೇಳಲಿಲ್ಲ?"

"ಹಾಳಿ ಕೆಳಗ ಸಹಿ ಯಾರದೈತಿ?"

"ನಿಂದು."

"ಮುಗೀತಲ್ಲ" ಎಂದು ಹೇಳಿ ಅವನು ಬ್ಲಿಂಕರ್ ಹಾಕಿ ಲೇನ್ ಬದಲಿಸಿದ. ಈ ವಿಷಯ ಮತ್ತೆ ಎಂದೂ ಎತ್ತಲಿಲ್ಲ. ಅದು ಕ್ಷಮೆಯೋ, ಬೇಸರವೋ ನನಗೆ ತಿಳಿಯಲಿಲ್ಲ. ಆದರೆ ಸಂಜೆ ಅಳತೆಯ ಹೊತ್ತಾದರೆ ನಾನು ಕ್ಲಾಸೆಟ್ಟಿನ ಬಾಗಿಲ ಮುಂದೆ ಹೋಗಿ ನಿಲ್ಲುತ್ತಿದ್ದೆ. ಬೆಕ್ಕಿನ ಮರಿ ಕಣ್ಣು ಬಿಟ್ಟಿತು ಎಂದು ಜೆನ್ನಿ ಬಾಗಿಲಿಗೆ ಬಂದು ಕರೆದರೂ ಹೋಗಲಿಲ್ಲ.

ಡೇಲ್ ಸಹಿ ಮಾಡಲಿಲ್ಲ. ಕೆಲಸವನ್ನು ಮುಂದುವರಿಸುವುದಿಲ್ಲ ಎಂಬ ಕಾಗದವೂ ಬಂತು. ಅಪ್ಪ ಊರೂರಿಗೆ ಅಪ್ಲೈ ಮಾಡಿ, ಕೊನೆಯ ಗಳಿಗೆಯಲ್ಲಿ ಜಾರ್ಜಿಯಾದಲ್ಲಿ ಕಾರಿನ ಸೀಟುಗಳ ಚರ್ಮ ಪರೀಕ್ಷಿಸುವ ಲ್ಯಾಬೊಂದರಲ್ಲಿ ಕೆಲಸ ಗಿಟ್ಟಿಸಿದ. ಮೊದಲಿಗಿಂತ ಸಣ್ಣ ಕೆಲಸ. ಗ್ರೀನ್ ಕಾರ್ಡಿನ ಸರದಿಯಲ್ಲಿ ಕಟ್ಟಕಡೆಗೆ ಹೋಗಿ ನಿಂತೆವು. ಅವ್ವನಿಗೆ ಆ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಗ್ರೀನ್ ಕಾರ್ಡ್ ಬಂದು ತಾನೂ ಕೆಲಸಕ್ಕೆ ಹೋಗುವ ದಿನಕ್ಕೆ ಅವಳು ಲೆಕ್ಕ ಹಾಕಿಟ್ಟಿದ್ದ ವರ್ಷಗಳೆಲ್ಲ ಮತ್ತೆ ಮೊದಲಿನಿಂದ ಶುರುವಾದವು. ನಾವು ಹೋದ ಮೇಲೆ ಅಲ್ಲಿ ಚಿಮಟಗಳನ್ನು ಎರಡು ತೂತು ಈಚೆಗೆ ತಂದರಂತೆ, ದೂರು ನಿಂತಿತಂತೆ. ಹಳೆಯ ಜೊತೆಗಾರನೊಬ್ಬ ಫೋನಿನಲ್ಲಿ ಹೇಳಿದ. ಅಪ್ಪ "ಚಲೋ ಆತು" ಎಂದ. ನಮಗೆ ಅದರಿಂದ ಏನೂ ಆಗಲಿಲ್ಲ.

ಜಾರ್ಜಿಯಾದ ಲಾರೆನ್ಸ್‌ವಿಲ್‌ಗೆ ಹೊರಡುವ ಹಿಂದಿನ ದಿನ ನಾನೂ ಅವ್ವನೂ ಅಡುಗೆಮನೆಯ ನೆಲದ ಮೇಲೆ ಕೂತು ಪಾತ್ರೆಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದೆವು. ಎಷ್ಟೋ ವಾರಗಳಿಂದ ಅವಳು ಆ ಮೂರು ದಿನಗಳ ಮಾತು ಎತ್ತಿರಲಿಲ್ಲ. ಉಪ್ಪು ಹೆಚ್ಚಾದರೆ, ಹಾಲು ಉಕ್ಕಿದರೆ, ಜಡೆ ಬಿಚ್ಚಿಕೊಂಡರೆ ಬೈಯುವವಳು ಇದಕ್ಕೆ ಮಾತ್ರ ಬೈದಿರಲಿಲ್ಲ. ಅದು ನನಗೆ ತಡೆಯಲಾಗದಷ್ಟಾಗಿತ್ತು.

"ಅವ್ವಾ, ಇದೆಲ್ಲಾ ನನ್ನಿಂದ ಆತೇನು?"

ಅವಳು ಹಾಳೆ ಸುತ್ತುತ್ತಿದ್ದ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ಅಲ್ಲ ಎನ್ನುತ್ತಾಳೆ ಎಂದುಕೊಂಡಿದ್ದೆ. ಯಾವ ತಾಯಿಯಾದರೂ ಅಲ್ಲ ಎನ್ನುತ್ತಾಳೆ.

"ಹೂಂ. ಒಂದೀಟು ನಿನ್ನಿಂದನೂ ಹೌದು" ಎಂದಳು. "ಟೇಪ್ ಕೊಡು."

ಟೇಪ್ ಕೊಟ್ಟೆ. ಅಳು ಬಂತು, ಅದರ ಜೊತೆಗೇ ಅಷ್ಟು ವಾರಗಳಿಂದ ಒಳಗೆ ಬಿಗಿದುಕೊಂಡಿದ್ದದ್ದು ಸಡಿಲವಾಯಿತು. ಅವಳು ಅಳಬೇಡ ಎನ್ನಲಿಲ್ಲ. ಪೆಟ್ಟಿಗೆಯ ಬಾಯಿ ತೆರೆದುಕೊಳ್ಳುತ್ತಿದೆ, ಆ ಕಡೆ ಒತ್ತಿ ಹಿಡಿ ಎಂದಳು. ಹಿಡಿದೆ.